ವಿಷವನ್ನು ಬೆಳಕಿನಿಂದ ಪತ್ತೆಮಾಡುವ ಗಾಜಿನ ಎಳೆ

ಪೈರಿಗೆ ಸಿಂಪಡಿಸಿದ ಕೀಟನಾಶಕದ ಅಂಶವು ಕಾಯಿಪಲ್ಯದಲ್ಲಾಗಲಿ ಬಾವಿಯ ನೀರಿನಲ್ಲಾಗಲಿ ಉಳಿದಿದ್ದರೆ ಅದನ್ನು ಕಣ್ಣಿನಿಂದ ನೋಡಿ ನಿಶ್ಚಯಿಸುವುದು ಸಾಧ್ಯವಲ್ಲ. ೨೦೧೩ನೆಯ ಇಸವಿ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನುಂಡ ೨೩ ಮಕ್ಕಳು ಮೃತರಾದರು. ಅಡಿಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವಿದ್ದಿತೆಂದು ಪರೀಕ್ಷೆಯಿಂದ ತಿಳಿದುಬಂದುದು ಆ ಬಳಿಕ. ಇಂಥ ವಿಷವನ್ನು ಸ್ಥಳದಲ್ಲಿಯೇ ಶೀಘ್ರವಾಗಿ ಕಂಡುಹಿಡಿಯುವ ಉದ್ದೇಶದಿಂದ ವಿಜ್ಞಾನಿಗಳು ರೂಪಿಸುತ್ತಿರುವ ಸಾಧನಗಳಲ್ಲಿ ದ್ಯುತಿತಂತು ಜೈವಿಕ ಸಂವೇದಕವೂ ಒಂದು.

ದ್ಯುತಿತಂತುವೆಂದರೆ ಕೂದಲಿನಷ್ಟು ಸಣ್ಣದಾದ ಗಾಜಿನ ಎಳೆ. ಒಂದು ತುದಿಯಲ್ಲಿ ಹೊಕ್ಕ ಬೆಳಕು, ಎಳೆಯು ಬಾಗಿದ್ದರೂ, ಒಳಗೇ ಪ್ರತಿಫಲಿಸುತ್ತ ಇನ್ನೊಂದು ತುದಿಯನ್ನು ಸೇರುವುದು. ಅಂತರ್ಜಾಲಕ್ಕಾಗಿ ಗ್ರಾಮಗಳಿಗೆ ಎಳೆದಿರುವ ಕೇಬಲುಗಳಲ್ಲಿರುವುದೂ ಇದೇ.

ನಮ್ಮ ಶರೀರದಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತುವು ನರದಿಂದ ಸ್ನಾಯುವಿಗೆ ಸಂಜ್ಞೆಯನ್ನು ಒಯ್ಯುವುದು. ಕೆಲಸವು ತೀರಿದೊಡನೆ ಅದನ್ನು ಒಡೆಯತಕ್ಕ ಕಿಣ್ವವೊಂದುಂಟು. ಮಾನೋಕ್ರೋಟೋಫಾಸ್ ಮೊದಲಾದ ಆರ್ಗನೋಫಾಸ್ಫೇಟುಗಳೂ ಕಾರ್ಬಮೇಟುಗಳೂ ಈ ಕಿಣ್ವವನ್ನು ತಡೆಯುವುದರಿಂದಲೇ ಕೀಟವು ಸಾಯುವುದು, ಮನುಷ್ಯನಿಗೂ ಪ್ರಾಣಾಪಾಯವಾಗುವುದು. ಸಂವೇದಕದಲ್ಲಿ ಇದೇ ಕಿಣ್ವವನ್ನು, ಆಮ್ಲ ತಗುಲಿದರೆ ಬಣ್ಣ ಬದಲಾಗುವ ಒಂದು ರಂಗಿನೊಡನೆ, ಎಳೆಯ ತುದಿಯಲ್ಲಿ ನೆಲೆಗೊಳಿಸಿರುವರು. ತುದಿಯನ್ನು ಪರೀಕ್ಷಿಸತಕ್ಕ ದ್ರವದಲ್ಲಿ ಕೆಲವು ನಿಮಿಷಗಳಿರಿಸಿ, ಬಳಿಕ ಅಸಿಟೈಲ್‌ಕೋಲಿನ್ ಬೆರೆತ ನೀರಿನಲ್ಲಿ ಅದ್ದುವರು. ಕಿಣ್ವವು ಕೆಡದಿದ್ದರೆ ಆಮ್ಲವುಂಟಾಗಿ ಬಣ್ಣವು ಬೇಗನೆ ಬದಲಾಗುವುದು. ವಿಷವಿದ್ದರೆ ಆ ಬದಲಾವಣೆಯು ಕುಂದುವುದು. ಎಳೆಯ ಮೂಲಕ ಹಿಂದಿರುಗುವ ಬೆಳಕನ್ನು ಅಳೆದು ಇದನ್ನು ತಿಳಿಯುವರು.

ಆದರೆ ಈ ಸಾಧನವು ಕಿಣ್ವಕ್ಕಾದ ಹಾನಿಯನ್ನು ತಿಳಿಸುವುದೇ ಹೊರತು ವಿಷದ ಹೆಸರನ್ನು ಹೇಳಲಾರದು. ದಕ್ಷಿಣ ಕನ್ನಡ, ಕಾಸರಗೋಡು ಸೀಮೆಗಳ ಗೇರುತೋಟಗಳಲ್ಲಿ ಹಿಂದೆ ಸಿಂಪಡಿಸುತ್ತಿದ್ದ, ೨೦೧೧ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿದ ಎಂಡೋಸಲ್ಫಾನ್, ನರಗಳನ್ನು ಬೇರೆ ಬಗೆಯಲ್ಲಿ ಕೆಡಿಸುವುದಾದಕಾರಣ ಈ ಕಿಣ್ವಕ್ಕೆ ಸಿಕ್ಕುವುದಿಲ್ಲ. ಇದಲ್ಲದೆ ಕಿಣ್ವವು ಶಾಖದಿಂದಲೂ ಕೆಲವು ಭಾರಲೋಹಗಳಿಂದಲೂ ಕೆಡುವುದು. ಆದುದರಿಂದ ಸಂಶಯ ತೋರಿದ ಪದಾರ್ಥವನ್ನು ಪ್ರಯೋಗಶಾಲೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಲೇಬೇಕು. ಸಂವೇದಕವು "ಇಲ್ಲ" ಎಂದ ಮಾತ್ರಕ್ಕೆ ಯಾವ ವಿಷವೂ ಇಲ್ಲವೆಂದು ಭಾವಿಸತಕ್ಕದ್ದಲ್ಲ.

ಇಂಥ ಸಾಧನಗಳು ಇನ್ನೂ ಬಹುಮಟ್ಟಿಗೆ ಪ್ರಯೋಗಶಾಲೆಗಳಲ್ಲಿಯೇ ಇರುವುವು. ಅವು ಗ್ರಾಮಕ್ಕೆ ಬಂದರೂ ಎಚ್ಚರಿಕೆಯ ಭಾರವು ನಮ್ಮದೇ. ಗ್ರಾಮದ ಮುಖಂಡರೂ ಜಮೀನಿನ ಯಜಮಾನರೂ ಈ ಮೂರು ವಿಷಯಗಳನ್ನು ಎಲ್ಲರಿಗೂ ತಿಳಿಯಹೇಳಬೇಕೆಂದು ಕೋರುತ್ತೇವೆ. ಔಷಧವನ್ನು ಸಿಂಪಡಿಸಿದ ಮೇಲೆ ಡಬ್ಬಿಯ ಚೀಟಿಯಲ್ಲಿ ಹೇಳಿರುವಷ್ಟು ದಿನಗಳು ಕಳೆಯುವವರೆಗೆ ಫಸಲನ್ನು ಕೊಯ್ಯಕೂಡದು. ಬರಿದಾದ ಡಬ್ಬಿಯಲ್ಲಿ ಎಣ್ಣೆ, ನೀರು, ಧಾನ್ಯಗಳನ್ನು ಎಂದಿಗೂ ತುಂಬಿಡಕೂಡದು. ವಿಷ ಸೋಂಕಿದವರನ್ನು, ಯಾವ ಪರೀಕ್ಷೆಗೂ ಕಾಯದೆ, ಆ ಡಬ್ಬಿಯ ಚೀಟಿಯೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.