ಬಾಯ್ಲರು ಕೊಠಡಿಯ ಕ್ಷೇಮವಿಚಾರ

ನೀರನ್ನು ಕಾಯಿಸುವ ಅಥವಾ ಆವಿಯನ್ನು ಎಬ್ಬಿಸುವ ಯಂತ್ರದ ಕ್ಷೇಮವನ್ನು ಕುರಿತು ವಿಚಾರಿಸುವಾಗ ನಾವು ಸಾಮಾನ್ಯವಾಗಿ ಯಂತ್ರವನ್ನೇ ನೋಡುತ್ತೇವೆ. ಅದು ನಿಂತಿರುವ ಕೋಣೆಯನ್ನು ಗಮನಿಸುವುದಿಲ್ಲ. ವಾಸ್ತವದಲ್ಲಿ ಕೋಣೆಯೂ ಯಂತ್ರದ ಒಂದು ಅಂಗವೇ. ಗಾಳಿ ಒಳಗೆ ಬರುವ, ಹೊಗೆ ಹೊರಗೆ ಹೋಗುವ ಏರ್ಪಾಡು ಅಲ್ಲಿ ಇಲ್ಲದಿದ್ದರೆ ಎಂತಹ ಉತ್ತಮ ಯಂತ್ರವೂ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು. ಈ ಮಾತು ಕಾರಖಾನೆಗಳಿಗೆ ಹೇಗೋ, ನಗರಗಳಲ್ಲಿ ನೆಲಸಿರುವ ನಮ್ಮ ಸಂಸಾರಗಳ ಸ್ನಾನಗೃಹಗಳಿಗೂ ಹಾಗೆಯೇ ಅನ್ವಯಿಸುತ್ತದೆ.

ನಮ್ಮ ದೇಶದ ಬಾಯ್ಲರು ಕಾನೂನು ಹುಟ್ಟಿದುದು ಒಂದು ದುರಂತದಿಂದ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಹಲವರು ಮಡಿದರು. ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಶಾಸನವಾಯಿತು. ಪ್ರಾಂತಕ್ಕೊಂದು ಬಗೆಯಾಗಿದ್ದ ಕಟ್ಟಳೆಗಳನ್ನು 1923ರ ಭಾರತೀಯ ಬಾಯ್ಲರುಗಳ ಅಧಿನಿಯಮ ಒಂದುಗೂಡಿಸಿತು. ಅದರ ಸ್ಥಾನಕ್ಕೆ 2025ರಲ್ಲಿ ಹೊಸ ಅಧಿನಿಯಮ ಬಂದಿದೆ. ಈ ಶಾಸನಗಳ ಗಮನ ಮುಖ್ಯವಾಗಿ ಆವಿಯ ಒತ್ತಡದ ಮೇಲೆ. ಸಾಮಾನ್ಯ ವಾಯುಭಾರದಲ್ಲಿ ನೀರು ಆವಿಯಾದರೆ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುವುದರಿಂದ ಈ ಎಚ್ಚರಿಕೆ ಅವಶ್ಯಕವೇ ಸರಿ. ಆದರೆ ಉರಿಗೆ ಬೇಕಾದ ಗಾಳಿಯ ಲೆಕ್ಕವನ್ನು ಇಡತಕ್ಕವರು ಕೊಠಡಿಯ ಒಡೆಯರೇ.

ಬ್ಯಾಂಕಿಗೆ ಒತ್ತೆಯಾಗಿದ್ದ ಯಂತ್ರಗಳನ್ನು ನೋಡಿಬರಲು ಒಮ್ಮೆ ಮಳೆಗಾಲದಲ್ಲಿ ಒಂದು ಸಣ್ಣ ಕಾರಖಾನೆಗೆ ಹೋಗಿದ್ದೆ. ಬಾಯ್ಲರಿನ ಪ್ರಮಾಣಪತ್ರ ಗೋಡೆಯ ಮೇಲೆ ಕ್ರಮವಾಗಿ ತೂಗುತ್ತಿತ್ತು. ಅದರ ಪಕ್ಕದಲ್ಲಿದ್ದ ಗವಾಕ್ಷಿಯನ್ನು ಮಾತ್ರ ಇರಚಲು ಬಾರದಂತೆ ಗೋಣಿತಾಟಿನಿಂದ ಮುಚ್ಚಿದ್ದರು. ಅಲ್ಲಿಯ ಕೆಲಸಗಾರನು ಕೆಲವು ದಿನಗಳಿಂದ ತಲೆನೋವೆಂದು ಹೇಳಿದನು. ಪತ್ರವೂ ಸರಿ, ಯಂತ್ರವೂ ಸರಿ. ಕೋಣೆ ಮಾತ್ರ ಸರಿಯಿರಲಿಲ್ಲ.

ಕಾರಣವನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಕಿಲೋಗ್ರಾಂ ಅಡುಗೆ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 12 ಘನಮೀಟರು ಗಾಳಿ ಬೇಕು. ಗಾಳಿ ಸಾಲದಾದರೆ ಇಂಧನ ಅರೆಬರೆಯಾಗಿ ಉರಿದು ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ದೊರೆಯದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಇದರ ಮೊದಲ ಸೂಚನೆಗಳು; ಅನಂತರ ಪ್ರಜ್ಞೆ ತಪ್ಪುತ್ತದೆ.

ಆದಕಾರಣ ಬಾಯ್ಲರು ಕೊಠಡಿಯಲ್ಲಿ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಸದಾ ತೆರೆದಿರತಕ್ಕದ್ದು. ಚಿಮಣಿಯನ್ನು ಕಾಲಕಾಲಕ್ಕೆ ಗುಡಿಸಿ, ಹಕ್ಕಿಯ ಗೂಡು, ಮಸಿ ಮೊದಲಾದುವನ್ನು ತೆಗೆಯಬೇಕು. ಸಾಕಷ್ಟು ಗಾಳಿಕಿಂಡಿಯಿಲ್ಲದ ಕಡೆ ಗಾಳಿಯನ್ನು ಹೊರದೂಡುವ ಪಂಖವನ್ನು ಹಾಕಿದರೆ, ಅದು ಚಿಮಣಿಯ ಹೊಗೆಯನ್ನೇ ಕೋಣೆಗೆ ಹಿಂದಕ್ಕೆ ಸೆಳೆಯುವ ಭಯವುಂಟು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ನೆಲಮಾಳಿಗೆ ಅದಕ್ಕೆ ತಕ್ಕ ಸ್ಥಳವಲ್ಲ. ಬಣ್ಣದ ಡಬ್ಬಿ, ಸೀಮೆಎಣ್ಣೆ, ಚಿಂದಿಬಟ್ಟೆ, ಹಳೆಯ ಕಾಗದಗಳನ್ನು ಅಲ್ಲಿ ಕೂಡಿಡಬಾರದು. ಯಂತ್ರದ ಸುತ್ತ ಮನುಷ್ಯನು ನಿಂತು ಕೆಲಸಮಾಡುವಷ್ಟು ಎಡೆಯಿರಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು.

ಇನ್ನು ನಮ್ಮ ಮನೆಗಳ ಮಾತು. ಊರಿನ ಬಚ್ಚಲುಮನೆಯೂ ಒಂದು ಬಾಯ್ಲರು ಕೊಠಡಿಯೇ ಆಗಿತ್ತು. ಹಂಡೆಯ ಒಲೆಯ ಹೊಗೆ ಹಂಚಿನ ಸಂದುಗಳಲ್ಲಿ ಹೊರಟುಹೋಗುತ್ತಿತ್ತು. ಬಾಗಿಲ ಅಡಿಯಿಂದ ಗಾಳಿ ಬರುತ್ತಿತ್ತು. ಹೊಗೆ ಕಣ್ಣನ್ನು ಉರಿಸಿ ಎಚ್ಚರಿಸುತ್ತಲೂ ಇತ್ತು. ಮುಂಬಯಿ, ಪುಣೆಗಳ ಫ್ಲ್ಯಾಟುಗಳಲ್ಲಿ ಹಂಡೆಯ ಸ್ಥಾನಕ್ಕೆ ಗ್ಯಾಸ್ ಗೀಸರು ಬಂದಿದೆ. ಹಂಚಿನ ಸಂದು ಬಂದಿಲ್ಲ. ಸಾಮಾನ್ಯ ಗಾತ್ರದ ಗೀಸರು ಗಂಟೆಗೆ ಹೆಚ್ಚುಕಡಮೆ ಒಂದು ಕಿಲೋಗ್ರಾಂ ಅನಿಲವನ್ನು ಉರಿಸುತ್ತದೆ. ಅಂದರೆ ಇಪ್ಪತ್ತು ನಿಮಿಷಕ್ಕೆ 4 ಘನಮೀಟರು ಗಾಳಿ ಬೇಕು. ಒಂದೂವರೆ ಮೀಟರು ಉದ್ದ, 1.2 ಮೀಟರು ಅಗಲ, 2.4 ಮೀಟರು ಎತ್ತರದ ಸ್ನಾನಗೃಹದಲ್ಲಿರುವ ಒಟ್ಟು ಗಾಳಿಯೇ 4.3 ಘನಮೀಟರು! ಚಳಿಯೆಂದು ಕಿಟಕಿ ಮುಚ್ಚಿ ಸ್ನಾನಕ್ಕೆ ನಿಂತವರ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು. ಇಂತಹ ಸಾವಿನ ವಾರ್ತೆಗಳು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ.

ಇದನ್ನು ತಪಾಸಣೆ ಮಾಡಲು ಬಾಯ್ಲರು ಇನ್ಸ್‌ಪೆಕ್ಟರು ನಮ್ಮ ಮನೆಗೆ ಬರುವುದಿಲ್ಲ. ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಎಡೆಯಲ್ಲಿ ಇರಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಗೆ ತರುವುದು ಕ್ಷೇಮ. ಒಳಗಿದ್ದವರಿಗೆ ತಲೆಸುತ್ತಿದರೆ ಕೂಡಲೆ ಹೊರಗಿನ ಗಾಳಿಗೆ ಕರೆತಂದು, ವೈದ್ಯರ ಸಹಾಯ ಪಡೆಯಬೇಕು. ಬಾಡಿಗೆಮನೆಯನ್ನು ನೋಡಲು ಹೋದಾಗ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುವ ನಾವು, ಸ್ನಾನಗೃಹಕ್ಕೆ ಗಾಳಿ ಎಲ್ಲಿಂದ ಬರುತ್ತದೆಯೆಂದೂ ಕೇಳುವುದನ್ನು ರೂಢಿಸಿಕೊಳ್ಳಬೇಕು.