ರಿಪೋರ್ಟು ಬಂತು, ಡಾಕ್ಟರು ನೋಡಿ ಬರೆದರೇ?



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನಮ್ಮ ಸಂಘಗಳಲ್ಲಿ ಉಳಿತಾಯ ಎಷ್ಟು, ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ಪೈಸೆ ಪೈಸೆಗೂ ಲೆಕ್ಕ ಬರೆಯುತ್ತೇವೆ. ಸಹಿ ಇಲ್ಲದ ಸಾಲವನ್ನು ಯಾವ ಸಂಘವೂ ಒಪ್ಪೋದಿಲ್ಲ. ಆದರೆ ರಕ್ತ ಪರೀಕ್ಷೆಯ ಚೀಟಿ ಮಾತ್ರ ಅಕ್ಕಿ ಡಬ್ಬದ ಮೇಲೋ, ಸೀರೆ ಮಡಿಕೆಯಲ್ಲೋ ಸೇರಿಬಿಡುತ್ತದೆ.

ಲ್ಯಾಬಿನವರು ಕೊಡುವುದು ಅಂಕಿ, ರೋಗದ ಹೆಸರಲ್ಲ. ಹಿಮೋಗ್ಲೋಬಿನ್ 11.4 ಎಂದು ಬಂತು ಅಂತಿಟ್ಟುಕೊಳ್ಳಿ. ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಬಸುರಿಗೆ 11ಕ್ಕಿಂತ ಕಡಿಮೆಯಾದರೆ. ಅಂದರೆ ಒಂದೇ ಅಂಕಿ ಒಬ್ಬಳಿಗೆ ಕಾಯಿಲೆ, ಇನ್ನೊಬ್ಬಳಿಗೆ ಅಲ್ಲ. ಬಸುರಿಗೆ 7ಕ್ಕಿಂತ ಕೆಳಗೆ ಇಳಿದರೆ ಅದು ತೀವ್ರ ರಕ್ತಹೀನತೆ, ತಾಯಿ ಮಗು ಇಬ್ಬರಿಗೂ ಅಪಾಯ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಆದ್ದರಿಂದ ಡಾಕ್ಟರು ರಿಪೋರ್ಟನ್ನು ನೋಡಬೇಕು, ನೋಡಿದ್ದನ್ನು ಬರೆಯಲೂಬೇಕು. ತಾಯಿ ಕಾರ್ಡಿನಲ್ಲಿ ದಿನಾಂಕ, ಅಂಕಿ, ಕೊಟ್ಟ ಮಾತ್ರೆ, ಮತ್ತೆ ಯಾವಾಗ ಪರೀಕ್ಷೆ, ಇಷ್ಟೂ ಇರಲಿ. "ಪರವಾಗಿಲ್ಲ, ಹೋಗಮ್ಮ" ಅನ್ನುವ ಬಾಯಿಮಾತು ಸಾಲದು. ನಡುರಾತ್ರಿ ಹೆರಿಗೆ ನೋವು ಬಂದು ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಓಡಿದರೆ ಅಲ್ಲಿನ ನರ್ಸಿಗೆ ನಿಮ್ಮ ಪರಿಚಯ ಇರೋದಿಲ್ಲ. ರಕ್ತ ಮೊದಲೇ ತರಿಸಿಡಬೇಕೋ ಬೇಡವೋ ಅನ್ನುವುದಕ್ಕೆ ಅವರಿಗೆ ಮೊದಲು ಸಿಗುವ ಸುಳಿವು ಆ ಕಾರ್ಡೇ.

ದೊಡ್ಡ ಆಸ್ಪತ್ರೆಗಳ ಕಾಗದದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿ ಬರೆದದ್ದನ್ನು ಕೆಲವರು ನೋಡಿರಬಹುದು. ಅದು ರೋಗದ ಕೋಡ್. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ಕಬ್ಬಿಣಾಂಶ ಕೊರತೆಯ ರಕ್ತಹೀನತೆಗೆ ಡಿ50, ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆಗೆ ಇ11. ರಕ್ತದಲ್ಲಿ ಸಕ್ಕರೆ ಒಮ್ಮೆ ಹೆಚ್ಚು ಬಂದಿದೆ, ಕಾಯಿಲೆ ಎಂದು ಇನ್ನೂ ತೀರ್ಮಾನವಾಗಿಲ್ಲ ಅಂದರೆ ಆರ್73. ಕೋಡ್ ಹಾಕುವ ಗುಮಾಸ್ತರು ಅಂಕಿ ನೋಡಿ ತಾವೇ ರೋಗ ಹೇಳುವಂತಿಲ್ಲ. ಡಾಕ್ಟರು ಬರೆದದ್ದಕ್ಕೆ ಮಾತ್ರ ಕೋಡ್. ಇದು ಒಳ್ಳೆಯ ಕಟ್ಟುಪಾಡು ಎಂದೇ ನಮ್ಮ ಅಭಿಪ್ರಾಯ. ಪಕ್ಕದ ಮನೆಯವರು ಚೀಟಿ ನೋಡಿ "ನಿನಗೆ ಶುಗರ್ರು" ಅಂದುಬಿಡುವುದಕ್ಕಿಂತ ಎಷ್ಟೋ ಮೇಲು! 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅಲ್ಲಿಯೂ ಚಿಕಿತ್ಸೆಗೆ ಕೋಡ್ ಇದೆ, ರಿಪೋರ್ಟು ಜೊತೆಗಿರಬೇಕು.

ಚೀಟಿ ಕೈಗೆ ಬಂದ ಕೂಡಲೇ ಹೆಸರು, ವಯಸ್ಸು, ದಿನಾಂಕ ಓದಿಸಿಕೊಳ್ಳಿ. ನಮ್ಮ ಕಡೆ ಒಂದೇ ಊರಿನಲ್ಲಿ ನಾಲ್ಕು ಜನ ಮುನಿಯಮ್ಮ, ಐದು ಜನ ಲಕ್ಷ್ಮಮ್ಮ ಇರ್ತಾರೆ. ಗಂಡನ ಹೆಸರೂ ಬರೆಸಿದರೆ ಅದಲು ಬದಲಾಗೋದು ತಪ್ಪುತ್ತದೆ. ಸಕ್ಕರೆ ಪರೀಕ್ಷೆಯಾದರೆ ಖಾಲಿ ಹೊಟ್ಟೆಯದೋ, ಊಟವಾದ ಮೇಲಿನದೋ ಎಂದು ಚೀಟಿಯಲ್ಲೇ ಇರಬೇಕು. ಹಳೆಯ ಚೀಟಿ ಎಸೆಯಬೇಡಿ. ಹೋದ ಸಲ 10, ಈ ಸಲ 8 ಎಂದು ಗೊತ್ತಾದರೆ ತಾನೇ ಇಳಿಯುತ್ತಿದೆ ಎಂದು ಡಾಕ್ಟರಿಗೆ ತಿಳಿಯೋದು?

ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಬರವಣಿಗೆಯಲ್ಲಿ ಕೇಳಿ. ಬರೆಯಲು ಬಾರದವರಿಗೆ ಸಂಘದ ಪ್ರತಿನಿಧಿ ಅರ್ಜಿ ಬರೆದುಕೊಡಲಿ.