ಕಾರ್ಬನ್ ವ್ಹೀಲ್ ಮೊದಲೋ, ಟೈರ್ ಮೊದಲೋ? ಸಿಂಧನೂರು–ಲಿಂಗಸುಗೂರು ರಸ್ತೆಯ ಮೇಲೊಂದು ಲೆಕ್ಕ

(ಈ ವಾರದ ಸಂಚಿಕೆಯ ಬರಹ ರೂಪ)

ಹೋದ ವಾರ ಮಸ್ಕಿ ಕಡೆಯ ಒಬ್ಬ ಹುಡುಗ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಣ್ಣಾ, ಭತ್ತದ ರೊಕ್ಕ ಬಂದೈತಿ. ಎಪ್ಪತ್ತು ಸಾವಿರ ಕೊಡ್ತೀನಿ ಅಂದಾನ ನಮ್ಮಪ್ಪ. ಕಾರ್ಬನ್ ವ್ಹೀಲ್ ತರಿಸಿದ್ರ ರೇಸ್‌ನ್ಯಾಗ ಮುಂದ ಬರ್ತೀನೇನು?"

ಒಂದು ಬೆಳೆಯ ರೊಕ್ಕ ಅದು. ಹಾಗಾಗಿ "ತಗೋ ಬ್ರೋ, ಸೂಪರ್" ಅಂತ ಉತ್ತರ ಕೊಟ್ಟು ಕೈತೊಳೆದುಕೊಳ್ಳೋಕೆ ಮನಸ್ಸು ಬರಲಿಲ್ಲ. ನಾನು ಓದಿದ್ದು ಬಿಕಾಂ. ಲೆಕ್ಕ ಹಾಕಿ ನೋಡೋಣ ಬನ್ನಿ.

ಗಾಳಿ ಎಷ್ಟು ತಿನ್ನುತ್ತೆ?

ನಮ್ಮ ದಾರಿ ಗೊತ್ತಲ್ಲ, 150ಎ ರಾಷ್ಟ್ರೀಯ ಹೆದ್ದಾರಿ. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಒಟ್ಟು ಸುಮಾರು 55 ಕಿಲೋಮೀಟರ್. ದೊಡ್ಡ ಏರು ಇಲ್ಲ, ಘಾಟಿ ಇಲ್ಲ. ಇಂಥ ರಸ್ತೆಯಲ್ಲಿ 30 ಕಿ.ಮೀ. ವೇಗ ದಾಟಿದ ಮೇಲೆ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳೋದಕ್ಕೇ ಹೋಗುತ್ತೆ. ಅದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತೆ. ಅಂದ್ರೆ ವೇಗ ಎರಡು ಪಟ್ಟಾದ್ರೆ ಬೇಕಾಗೋ ಶಕ್ತಿ ಎಂಟು ಪಟ್ಟು.

ಆದ್ರೆ ಆ ಗಾಳಿಗೆ ಅಡ್ಡ ನಿಲ್ಲೋದರಲ್ಲಿ ಮುಕ್ಕಾಲು ಪಾಲು ಚಕ್ರ ಅಲ್ಲ, ನಮ್ಮ ಮೈ. ಸಾಧಾರಣ ಅಲಾಯ್ ಚಕ್ರ ತೆಗೆದು 50 ಎಂಎಂ ಆಳದ ಒಳ್ಳೇ ಕಾರ್ಬನ್ ಚಕ್ರ ಹಾಕಿದ್ರೆ, 40 ಕಿ.ಮೀ. ವೇಗದಲ್ಲಿ ಉಳಿಯೋದು ಹೆಚ್ಚೂಕಡಿಮೆ 10 ವ್ಯಾಟ್. 28 ಕಿ.ಮೀ. ವೇಗದಲ್ಲಿ ಅದೇ ಉಳಿತಾಯ ಮೂರೂವರೆ ವ್ಯಾಟ್‌ಗೆ ಇಳಿಯುತ್ತೆ. ನಿಧಾನ ಹೋಗೋರಿಗೆ ವ್ಯಾಟ್ ಕಡಿಮೆ ಉಳಿದ್ರೂ ಅವರು ರಸ್ತೆ ಮೇಲೆ ಹೆಚ್ಚು ಹೊತ್ತು ಇರ್ತಾರೆ. ಹಾಗಾಗಿ ಸಮಯದ ಲೆಕ್ಕದಲ್ಲಿ ಇಬ್ಬರಿಗೂ ಸುಮಾರು ಒಂದೇ: ಸಿಂಧನೂರಿನಿಂದ ಲಿಂಗಸುಗೂರಿಗೆ ಒಂದರಿಂದ ಒಂದೂವರೆ ನಿಮಿಷ. ಅದೂ ಒಬ್ಬರೇ ಗಾಳಿ ಸೀಳ್ಕೊಂಡು ಹೋದಾಗ. ಗುಂಪಿನಲ್ಲಿ ಇನ್ನೊಬ್ಬರ ಬೆನ್ನ ಹಿಂದೆ ಕೂತ್ರೆ ಇನ್ನೂ ಕಡಿಮೆ.

ಟೈಮ್ ಟ್ರಯಲ್ ಓಡೋರಿಗೆ ಒಂದು ನಿಮಿಷ ಅಂದ್ರೆ ಪದಕ. ಬೆಂಗಳೂರಿನ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟೈಮ್ ಟ್ರಯಲ್ ಓಡಿದ್ರು. ಅಂಥ ಮಟ್ಟದಲ್ಲಿ ಒಂದೊಂದು ಸೆಕೆಂಡಿಗೂ ಬೆಲೆ ಇದೆ. ಆದ್ರೆ ನಮ್ಮ ಹುಡುಗನಿಗೆ ಇನ್ನೊಂದು ಲೆಕ್ಕ ಇದೆ: ಒಂದು ಪಂಕ್ಚರ್ ಆದ್ರೆ ಹೋಗೋದು ಕನಿಷ್ಠ ಹತ್ತು ನಿಮಿಷ. ನಮ್ಮ ಕಡೆ ಪಂಕ್ಚರ್‌ಗೇನು ಬರ ಐತೇನ್ರಿ? ರಸ್ತೆ ಬದಿಗೆ ಬಳ್ಳಾರಿ ಜಾಲಿ, ಮಣ್ಣಿಗೆ ಇಳಿದ್ರೆ ನೆಗ್ಗಿಲು ಮುಳ್ಳು.

ವ್ಯಾಟಿಗೆ ಎಷ್ಟು ರೂಪಾಯಿ?

ನನ್ನ ಡೈರಿಯಲ್ಲಿ ಹಾಕಿದ ಅಂದಾಜು ಲೆಕ್ಕ ಹೇಳ್ತೀನಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತೆ, ಅನುಪಾತ ಮಾತ್ರ ನೋಡ್ರಿ.

ಕಾರ್ಬನ್ ಚಕ್ರ: 70,000 ರೂಪಾಯಿಗೆ 10 ವ್ಯಾಟ್. ವ್ಯಾಟಿಗೆ 7,000.

ಒಳ್ಳೇ ರೇಸ್ ಟೈರ್ ಜೋಡಿ: ಸೈಕಲ್ ಜೊತೆ ಬಂದ ಗಟ್ಟಿ ಟೈರ್ ತೆಗೆದು ಮೃದುವಾದ ರೇಸ್ ಟೈರ್ ಹಾಕಿದ್ರೆ ಒಂದೊಂದಕ್ಕೆ 5 ವ್ಯಾಟ್ ಉಳಿಯೋದು ಕಷ್ಟವಲ್ಲ. 9,000 ರೂಪಾಯಿಗೆ 10 ವ್ಯಾಟ್ ಅಂದ್ರೆ ವ್ಯಾಟಿಗೆ 900.

ಟಿಪಿಯು ಅಥವಾ ಲ್ಯಾಟೆಕ್ಸ್ ಟ್ಯೂಬ್: 2,000 ರೂಪಾಯಿಗೆ ಮೂರ್ನಾಲ್ಕು ವ್ಯಾಟ್. ವ್ಯಾಟಿಗೆ ಐನೂರು, ಆರುನೂರು.

ಮೊಣಕೈ ಬಗ್ಗಿಸಿ, ತಲೆ ತಗ್ಗಿಸಿ ಓಡಿಸೋದು, ಪಟಪಟ ಹಾರೋ ಸಡಿಲ ಜೆರ್ಸಿ ಬಿಟ್ಟು ಮೈಗೆ ಅಂಟೋದು ಹಾಕೋದು: ಚಕ್ರಕ್ಕಿಂತ ಹೆಚ್ಚು ಉಳಿಸಬಹುದು. ಖರ್ಚು ಅಭ್ಯಾಸದ್ದು, ಜೊತೆಗೆ ಒಂದು ಜೆರ್ಸಿಯದು.

ಸೈಕಲ್‌ನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅಷ್ಟು ಅನುಕೂಲ ಆಯ್ತು. ಆದ್ರೆ ಚೀನಾದಿಂದ ನೇರವಾಗಿ ತರಿಸೋರು ವೆಬ್‌ಸೈಟ್‌ನ ಡಾಲರ್ ಬೆಲೆ ನೋಡಿ ಖುಷಿಪಡಬೇಡಿ. ಕಸ್ಟಮ್ಸ್ ಸುಂಕ, ಅದರ ಮೇಲೆ ಐಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಚಾರ್ಜ್ ಎಲ್ಲ ಸೇರಿ ಮನೆ ಬಾಗಿಲಿಗೆ ಬಿದ್ದ ಬೆಲೆಯೇ ಅಸಲಿ ಬೆಲೆ. ವಾರಂಟಿ ಇದ್ರೂ, ವಾಪಸ್ ಕಳಿಸೋ ಖರ್ಚು ಯಾರದು ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ.

ನಾನು ಕಳಕೊಂಡ 22 ಸಾವಿರ

ಇಷ್ಟು ಖಚಿತವಾಗಿ ಹೇಳೋಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನಾನೂ ಆಸೆಗೆ ಬಿದ್ದೆ. ಆನ್‌ಲೈನ್‌ನಲ್ಲಿ ಪರಿಚಯ ಆದ ಒಬ್ಬರಿಂದ 60 ಎಂಎಂನ ಹೆಸರಿಲ್ಲದ ಸೆಕೆಂಡ್ ಹ್ಯಾಂಡ್ ಚಕ್ರ ತಗೊಂಡೆ, 22,000 ರೂಪಾಯಿ. ಬಿಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಮೂರನೇ ವಾರ ಮಸ್ಕಿ ದಾಟಿದ ಮೇಲೆ ಒಂದು ಗುಂಡಿಗೆ ಹಿಂದಿನ ಚಕ್ರ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು. ರಿಮ್ಮಿನ ಅಂಚಿನಲ್ಲಿ ಕೂದಲೆಳೆ ಬಿರುಕು, ಬೆರಳಿಂದ ಒತ್ತಿದ್ರೆ ಒಳಗೆ ಹೋಗ್ತಿತ್ತು. ಅಲಾಯ್ ರಿಮ್ ಆಗಿದ್ರೆ ಬೆಂಡ್ ಆಗಿರೋದು, ಮೆಕ್ಯಾನಿಕ್ ತಟ್ಟಿ ಸರಿ ಮಾಡ್ತಿದ್ದ. ಕಾರ್ಬನ್ ಬಾಗಲ್ಲ, ಬಿರುಕು ಬಿಡುತ್ತೆ. ಟಂಟಂನಲ್ಲಿ ಸೈಕಲ್ ಹಾಕ್ಕೊಂಡು ಮನೆಗೆ ಬಂದೆ. ಮಾರಿದವರ ನಂಬರ್ ಆಮೇಲೆ ಸಿಗಲೇ ಇಲ್ಲ. ದುಡ್ಡು ಹೋಯ್ತು, ಇರಲಿ. ಅದೇ ಬಿರುಕು ಮುಂದಿನ ಚಕ್ರದಲ್ಲಿ, 40ರ ವೇಗದಲ್ಲಿ ಆಗಿದ್ರೆ? ಇವತ್ತಿಗೂ ಯೋಚನೆ ಮಾಡೋಕೆ ಹೆದರಿಕೆ ಆಗುತ್ತೆ.

ತಗೊಳ್ಳಲೇಬೇಕು ಅಂದ್ರೆ

ಮೊದಲು ನಿಮ್ಮ ಸೈಕಲ್ ನೋಡ್ರಿ. ಡಿಸ್ಕ್ ಬ್ರೇಕೋ, ರಿಮ್ ಬ್ರೇಕೋ? ರಿಮ್ ಬ್ರೇಕ್ ಆದ್ರೆ ಕಾರ್ಬನ್‌ಗೆ ಅಂತಲೇ ಬರೋ ಬ್ರೇಕ್ ಪ್ಯಾಡ್ ಬೇಕು, ಮಳೆಯಲ್ಲಿ ಹಿಡಿತ ಕಡಿಮೆ. ಹಿಂದಿನ ಹಬ್ ನಿಮ್ಮ ಗೇರ್ ಕ್ಯಾಸೆಟ್‌ಗೆ ಕೂಡುತ್ತಾ ಕೇಳಿ. ಫ್ರೇಮಿನಲ್ಲಿ 28 ಎಂಎಂ ಟೈರ್ ಹಿಡಿಸುತ್ತಾ ಅಳೆಯಿರಿ.

ಆಳ ಎಷ್ಟಿರಬೇಕು? ನಮ್ಮ ರಸ್ತೆ ವಾಯವ್ಯ ದಿಕ್ಕಿಗೆ ಹೋಗುತ್ತೆ, ಮುಂಗಾರಿನ ಗಾಳಿ ಪಶ್ಚಿಮ–ನೈಋತ್ಯದಿಂದ ಬೀಸುತ್ತೆ. ಅಂದ್ರೆ ಲಿಂಗಸುಗೂರಿಗೆ ಹೋಗುವಾಗ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಎಡಮಗ್ಗುಲಿಗೆ ಹೊಡೆಯುತ್ತೆ. ಅದರ ಜೊತೆ ಎದುರಿಗೆ ಭತ್ತದ ಲಾರಿ ಬರ್ರನೆ ಹಾದುಹೋದ್ರೆ ಆಳದ ಮುಂದಿನ ಚಕ್ರ ಹ್ಯಾಂಡಲ್ ಎಳೆಯುತ್ತೆ. ತೂಕ ಕಡಿಮೆ ಇರೋರು ಮುಂದೆ 40, ಹಿಂದೆ 50 ದಾಟಬೇಡಿ.

ಅಗಲಕ್ಕೆ ಒಂದು ಸುಲಭ ಸೂತ್ರ ಇದೆ, 105ರ ನಿಯಮ ಅಂತಾರೆ. ಟೈರ್‌ಗಿಂತ ರಿಮ್ಮಿನ ಹೊರ ಅಗಲ ಶೇ 5ರಷ್ಟಾದ್ರೂ ಹೆಚ್ಚಿರಬೇಕು. ಗಾಳಿ ತುಂಬಿದಾಗ ಟೈರ್ 28 ಎಂಎಂ ಇದ್ರೆ ರಿಮ್ ಸುಮಾರು 29.4. ಟೈರ್ ರಿಮ್ಮಿಗಿಂತ ಉಬ್ಬಿಕೊಂಡ್ರೆ ಗಾಳಿ ರಿಮ್ಮಿಗೆ ಅಂಟಿಕೊಂಡು ಹರಿಯಲ್ಲ, ನೀವು ಕೊಟ್ಟ ದುಡ್ಡಿನ ಲಾಭ ಅಲ್ಲೇ ಸೋರುತ್ತೆ. ಅದಕ್ಕೇ ಟೈರ್ ಮೊದಲು ಆರಿಸಿ, ರಿಮ್ ಆಮೇಲೆ.

ಅಗ್ಗದ ಚಕ್ರಗಳಲ್ಲಿ ಹುಕ್‌ಲೆಸ್ ಬಹಳ ಬರುತ್ತಿವೆ. ಟೈರ್ ಹಿಡಿದುಕೊಳ್ಳೋ ಕೊಕ್ಕೆ ಇಲ್ಲದ ರಿಮ್ ಅವು. ಅದಕ್ಕೆ ಒಪ್ಪುವ ಟೈರ್ ಮಾತ್ರ ಹಾಕಬೇಕು, ಗಾಳಿ 5 ಬಾರ್, ಅಂದ್ರೆ 72 ಪಿಎಸ್‌ಐ ದಾಟಬಾರದು. 2024ರ ಯುಎಇ ಟೂರ್‌ನಲ್ಲಿ ಥಾಮಸ್ ಡಿ ಗೆಂಟ್ ಬಿದ್ದು, ಟೈರ್ ರಿಮ್ಮಿಂದ ಕಳಚಿ ಬಂದ ಮೇಲೆ ಈ ಬಗ್ಗೆ ಜಗತ್ತಿನಾದ್ಯಂತ ಚರ್ಚೆ ಆಯ್ತು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಲಾರಿಗೆ ಹೊಡೆಯೋ ಕಂಪ್ರೆಸರ್‌ನಿಂದಲೇ ಸೈಕಲ್‌ಗೂ ಗಾಳಿ ಹೊಡೀತಾರೆ. ಹಾಗಾಗಿ ನನ್ನ ಸಲಹೆ: ಕೊಕ್ಕೆ ಇರೋ ರಿಮ್ಮನ್ನೇ ತಗೊಳ್ಳಿ.

ಟ್ಯೂಬ್‌ಲೆಸ್ ಮಾಡಿಸಿದ್ರೆ ಒಳಗಿನ ಸೀಲಂಟ್ ಸಣ್ಣ ಮುಳ್ಳಿನ ತೂತನ್ನು ತಾನೇ ಮುಚ್ಚುತ್ತೆ, ನಮ್ಮ ಕಡೆಗೆ ಒಳ್ಳೇದು. ಆದ್ರೆ ನಮ್ಮ ಬೇಸಿಗೆಗೆ ಸೀಲಂಟ್ ಬೇಗ ಒಣಗುತ್ತೆ, ತಿಂಗಳು ಎರಡು ತಿಂಗಳಿಗೊಮ್ಮೆ ನೋಡ್ತಿರಬೇಕು. ಆಳದ ರಿಮ್ಮಿಗೆ ಉದ್ದ ವಾಲ್ವ್ ಬೇಕು: 50ರ ರಿಮ್ಮಿಗೆ 70–80 ಎಂಎಂ. ಊರಿನ ಪಂಪ್‌ಗೆ ಕೂಡೋ ಚಿಕ್ಕ ಹಿತ್ತಾಳೆ ಅಡಾಪ್ಟರ್ ಯಾವಾಗಲೂ ಕಿಸೆಯಲ್ಲಿರಲಿ. ಚಕ್ರದ ಜೊತೆ ನಾಲ್ಕೈದು ಸ್ಪೋಕ್ ಹೆಚ್ಚುವರಿ ಕೇಳಿ ತಗೊಳ್ಳಿ. ನಿಪ್ಪಲ್ ರಿಮ್ಮಿನ ಹೊರಗಿದ್ರೆ ಟೈರ್ ಬಿಚ್ಚದೇ ಚಕ್ರ ನೇರ ಮಾಡಬಹುದು.

ಹುಡುಗನಿಗೆ ಹೇಳಿದ್ದು

"ತಮ್ಮಾ, ಈಗ 11,000 ಖರ್ಚು ಮಾಡು. ಟೈರ್, ಟ್ಯೂಬ್. ಉಳಿದಿದ್ದರಲ್ಲಿ ಒಂದು ಪಾಲು ರೇಸಿಗೆ ಹೋಗಿಬರೋ ಖರ್ಚಿಗೆ ತೆಗೆದಿಡು. ವಿಜಯಪುರ, ಬಾಗಲಕೋಟೆ ಕಡೆ ಹೋಗಿ ಓಡು, ರಾಜ್ಯದ ಗಟ್ಟಿ ಸೈಕ್ಲಿಸ್ಟ್‌ಗಳು ತಯಾರಾಗೋದು ಅಲ್ಲೇ. ಮಿಕ್ಕಿದ್ದನ್ನ ಅಪ್ಪನ ಹತ್ರಾನೇ ಬಿಡು. ಒಂದು ಸೀಸನ್ ಓಡಿದ ಮೇಲೆ, ಒಂದು ನಿಮಿಷದಿಂದ ಸೋಲ್ತಿದ್ದೀನಿ ಅನ್ನಿಸಿದ್ರೆ ಚಕ್ರ ತಗೋ. ಹತ್ತು ನಿಮಿಷದಿಂದ ಸೋಲ್ತಿದ್ರೆ ಕಾಲು ಗಟ್ಟಿ ಮಾಡ್ಕೋ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಟೈರ್ ಕಪ್ಪು ತಗೊಳ್ಲ್ಯಾ, ಕಂದು ಬಣ್ಣದ್ದಾ ಅಣ್ಣಾ?"

ಯಾವ ಬಣ್ಣ ಆದ್ರೂ ಮುಳ್ಳು ಒಂದೇ ತಮ್ಮಾ. ರೇಸ್ ಮುಗಿದ ಮೇಲೆ ಫೋನ್ ಮಾಡು. ಉಳಿದವರೂ ನಿಮ್ಮ ಲೆಕ್ಕ ಕಳಿಸ್ರಿ, ಮುಂದಿನ ವಾರ ಸಿಗೋಣ.